ಬದಲಾಗುವ ಮೌಲ್ಯಗಳು ಮತ್ತು ತೀವ್ರ ಬಲಪಂಥದ ಮತ: ಕಲಬುರಗಿ ಸೀಮೆಯ ನಿದರ್ಶನ

ಕುಟುಂಬ, ಧರ್ಮ, ಜಾತಿ, ಹೆಣ್ಣುಗಂಡಿನ ಸಂಬಂಧ, ರಾಷ್ಟ್ರ ಇವುಗಳ ಬಗ್ಗೆ ಒಂದು ಸಮಾಜ ಇಟ್ಟುಕೊಂಡ ನಂಬಿಕೆಗಳು ಪಲ್ಲಟಗೊಂಡಾಗ ಅದರ ಗುರುತು ಮತಪೆಟ್ಟಿಗೆಯಲ್ಲಿ ಹೇಗೆ ಮೂಡುತ್ತದೆ? ತೀವ್ರ ಬಲಪಂಥೀಯ ಪಕ್ಷಗಳಿಗೆ ಅದರಿಂದ ಲಾಭವೆಷ್ಟು? ರಾಜ್ಯಶಾಸ್ತ್ರದಲ್ಲಿ ಈ ಚರ್ಚೆ ಸುಮಾರು ಅರ್ಧ ಶತಮಾನದಿಂದ ನಡೆದಿದೆ. ಅದು ಹುಟ್ಟಿದ್ದು ಪಶ್ಚಿಮ ಯುರೋಪಿನಲ್ಲಿ. ಭಾರತದಲ್ಲಿ ಅದನ್ನು ಹಿಂದೂ ರಾಷ್ಟ್ರವಾದಿ ರಾಜಕಾರಣದ ಬೆಳವಣಿಗೆಗೆ ಅನ್ವಯಿಸುವ ಪ್ರಯತ್ನಗಳು ನಡೆದಿವೆ. ಕರ್ನಾಟಕದಲ್ಲಿ ಇಂಥ ಅಧ್ಯಯನ ಎಂದೊಡನೆ ಎಲ್ಲರ ಕಣ್ಣು ಕರಾವಳಿಯತ್ತ ಹೊರಳುತ್ತದೆ. ಆದರೆ ಈ ಸಿದ್ಧಾಂತಗಳ ಬಲ ಮತ್ತು ದೌರ್ಬಲ್ಯ ಎರಡನ್ನೂ ಒಟ್ಟಿಗೆ ತೋರಿಸುವ ನೆಲ ಕಲಬುರಗಿ. 2019ರ ಲೋಕಸಭಾ ಚುನಾವಣೆಯಲ್ಲಿ ಕಲ್ಯಾಣ ಕರ್ನಾಟಕದ ಐದೂ ಕ್ಷೇತ್ರಗಳನ್ನು, ಅಂದರೆ ಬೀದರ್, ಕಲಬುರಗಿ, ರಾಯಚೂರು, ಬಳ್ಳಾರಿ, ಕೊಪ್ಪಳಗಳನ್ನು, ಭಾರತೀಯ ಜನತಾ ಪಕ್ಷ ಗೆದ್ದಿತು. 2024ರಲ್ಲಿ ಅದೇ ಐದನ್ನೂ ಕಾಂಗ್ರೆಸ್ ಗೆದ್ದಿತು. ಐದೇ ವರ್ಷದಲ್ಲಿ ಒಂದು ಸೀಮೆಯ ಜನರ ಮೌಲ್ಯಗಳು ಹೀಗೆ ತಲೆಕೆಳಗಾಗುವುದಿಲ್ಲ. ಹಾಗಾದರೆ ಬದಲಾದದ್ದೇನು?

ಯುರೋಪಿನಲ್ಲಿ ಹುಟ್ಟಿದ ವಾದ

ಅಮೆರಿಕದ ರಾಜ್ಯಶಾಸ್ತ್ರಜ್ಞ ರೊನಾಲ್ಡ್ ಇಂಗಲ್‌ಹಾರ್ಟ್ 1977ರಲ್ಲಿ ‘ದಿ ಸೈಲೆಂಟ್ ರೆವಲ್ಯೂಷನ್’ ಎಂಬ ಪುಸ್ತಕ ಪ್ರಕಟಿಸಿದರು. ಎರಡನೆಯ ಮಹಾಯುದ್ಧದ ನಂತರ ಹೊಟ್ಟೆಬಟ್ಟೆಯ ಚಿಂತೆಯಿಲ್ಲದೆ ಬೆಳೆದ ಪೀಳಿಗೆಯು ಸಂಬಳ, ಬೆಲೆ, ಭದ್ರತೆಗಳಿಗಿಂತ ಸ್ವಾತಂತ್ರ್ಯ, ಪರಿಸರ, ಸಮಾನತೆಗಳಿಗೆ ಹೆಚ್ಚು ಬೆಲೆ ಕೊಡುತ್ತಿದೆ ಎಂಬುದು ಅವರ ವಾದ. ಗದ್ದಲವಿಲ್ಲದೆ ನಡೆದ ಈ ಬದಲಾವಣೆಯನ್ನು ಅಳೆಯಲು 1981ರಲ್ಲಿ ಆರಂಭವಾದ ವಿಶ್ವ ಮೌಲ್ಯ ಸಮೀಕ್ಷೆ ಮುಂದೆ ಭಾರತವನ್ನೂ ಒಳಗೊಂಡಿತು.

ಇಟಲಿಯ ಪಿಯೆರೊ ಇಗ್ನಾಜಿ 1992ರಲ್ಲಿ ಇದರ ಮರುಮುಖವನ್ನು ತೋರಿಸಿದರು. ಹೊಸ ಮೌಲ್ಯಗಳು ಹಸಿರು ಪಕ್ಷಗಳನ್ನು ಹುಟ್ಟಿಸಿದಂತೆಯೇ ಅವನ್ನು ಒಪ್ಪದವರ ಅಸಮಾಧಾನವೂ ಗದ್ದಲವಿಲ್ಲದೆ ಮಡುಗಟ್ಟಿ ಬಲತುದಿಯ ಪಕ್ಷಗಳಿಗೆ ನೀರೆರೆಯಿತು ಎಂದರು. 2019ರಲ್ಲಿ ಪಿಪ್ಪಾ ನಾರಿಸ್ ಮತ್ತು ಇಂಗಲ್‌ಹಾರ್ಟ್ ಜೊತೆಯಾಗಿ ಬರೆದ ‘ಕಲ್ಚರಲ್ ಬ್ಯಾಕ್‌ಲ್ಯಾಶ್’ ಈ ವಾದವನ್ನು ವಿಸ್ತರಿಸಿತು: ಒಂದು ಕಾಲಕ್ಕೆ ಬಹುಸಂಖ್ಯಾತವಾಗಿದ್ದ ಸಂಪ್ರದಾಯಸ್ಥ ಮೌಲ್ಯದವರು ತಮ್ಮದೇ ದೇಶದಲ್ಲಿ ಅಲ್ಪಸಂಖ್ಯಾತರಾಗುತ್ತಿದ್ದೇವೆ ಎಂಬ ಅಳುಕಿನಿಂದ ತಿರುಗಿಬೀಳುತ್ತಾರೆ. ಇವರಿಗಿಂತ ಮೊದಲೇ, 1995ರಲ್ಲಿ, ಹರ್ಬರ್ಟ್ ಕಿಟ್‌ಶೆಲ್ಟ್ ಮೌಲ್ಯಗಳಷ್ಟೇ ಅಲ್ಲ, ಕೈಗಾರಿಕೆಯ ಸ್ವರೂಪ ಬದಲಾದದ್ದು ಮತ್ತು ಪಕ್ಷಗಳ ನಡುವಿನ ಪೈಪೋಟಿಯ ಲೆಕ್ಕಾಚಾರವೂ ಕಾರಣ ಎಂದಿದ್ದರು. ಕಲಬುರಗಿಯ ಮಟ್ಟಿಗೆ ಇವರೆಲ್ಲರಲ್ಲಿ ಕಿಟ್‌ಶೆಲ್ಟ್ ಅವರೇ ಹೆಚ್ಚು ಉಪಯೋಗಕ್ಕೆ ಬರುತ್ತಾರೆ.

‘ಕಲ್ಚರಲ್ ಬ್ಯಾಕ್‌ಲ್ಯಾಶ್’ ಮಂಡಿಸಿದ ತಿರುಗೇಟಿನ ಸಿದ್ಧಾಂತಕ್ಕೆ ಯುರೋಪಿನಲ್ಲೇ ತೊಡಕುಗಳಿವೆ. ನೆದರ್ಲೆಂಡ್ಸ್‌ನ ಗೀರ್ಟ್ ವಿಲ್ಡರ್ಸ್ ಮುಸ್ಲಿಮರನ್ನು ವಿರೋಧಿಸುವುದು ಹಳೆಯ ಕ್ರೈಸ್ತ ಸಂಪ್ರದಾಯದ ಹೆಸರಿನಲ್ಲಿ ಮಾತ್ರವಲ್ಲ, ಹೆಣ್ಣಿನ ಹಕ್ಕು ಮತ್ತು ಸಲಿಂಗಿಗಳ ಸ್ವಾತಂತ್ರ್ಯದ ಹೆಸರಿನಲ್ಲಿಯೂ. ಅಂದರೆ ಉದಾರ ಮೌಲ್ಯವೇ ಬಲಪಂಥದ ಕೈಯಲ್ಲಿ ಆಯುಧವಾಗಬಲ್ಲದು. ಭಾರತದಲ್ಲಿ 2019ರ ತ್ರಿವಳಿ ತಲಾಖ್ ನಿಷೇಧ ಕಾಯಿದೆಯ ಚರ್ಚೆ ನಡೆದದ್ದು ಹೆಚ್ಚುಕಡಿಮೆ ಇದೇ ಧಾಟಿಯಲ್ಲಿ.

ಹೆಸರಿನ ತಕರಾರು

ಭಾಜಪವನ್ನು ‘ತೀವ್ರ ಬಲಪಂಥ’ ಎನ್ನಬಹುದೇ ಎಂಬುದು ವಿವಾದದ ವಿಷಯ. ಕಾಸ್ ಮುಡ್ಡೆ 2007ರಲ್ಲಿ ಯುರೋಪಿನ ಪಕ್ಷಗಳಿಗೆ ಮೂರು ಲಕ್ಷಣ ಗುರುತಿಸಿದ್ದರು: ನಾಡು ಮೂಲಜನರದ್ದು ಮಾತ್ರ ಎಂಬ ನಿಲುವು, ಕಟ್ಟುನಿಟ್ಟಿನ ಅಧಿಕಾರನಿಷ್ಠೆ, ಸಮಾಜವನ್ನು ಶುದ್ಧ ಜನ ಮತ್ತು ಕೆಟ್ಟ ಗಣ್ಯರು ಎಂದು ಎರಡಾಗಿ ಸೀಳುವ ಜನಪ್ರಿಯತಾವಾದ. 2019ರ ಪುಸ್ತಕದಲ್ಲಿ ಅವರು ಭಾಜಪವನ್ನೂ ಬಲತುದಿಯ ಪಕ್ಷಗಳ ಜಾಗತಿಕ ಪಟ್ಟಿಯಲ್ಲಿ ಚರ್ಚಿಸಿದ್ದಾರೆ. ಕ್ರಿಸ್ತೋಫ್ ಜಾಫ್ರೆಲೊ ಅವರು ಹಿಂದೂ ರಾಷ್ಟ್ರವಾದವನ್ನು ಅದರದೇ ಚರಿತ್ರೆಯಿಂದ, ಮುಖ್ಯವಾಗಿ ರಾಷ್ಟ್ರೀಯ ಸ್ವಯಂಸೇವಕ ಸಂಘದ ಸಂಘಟನೆಯಿಂದ ವಿವರಿಸುತ್ತಾರೆ. ಪಕ್ಷ ಈ ಹಣೆಪಟ್ಟಿಯನ್ನು ಒಪ್ಪುವುದಿಲ್ಲ. ದೀನದಯಾಳ ಉಪಾಧ್ಯಾಯರು 1965ರಲ್ಲಿ ಮಂಡಿಸಿದ ಏಕಾತ್ಮ ಮಾನವತಾವಾದವೇ ತನ್ನ ತತ್ವ, ತಾನು ಸಾಂಸ್ಕೃತಿಕ ರಾಷ್ಟ್ರವಾದಿ ಪಕ್ಷ ಎಂಬುದು ಅದರ ನಿಲುವು. ಹತ್ತಾರು ಕೋಟಿ ಜನ ಮತ ಹಾಕುವ, ಜಾತಿಗಳ ದೊಡ್ಡ ಕೂಟವೇ ಆಗಿರುವ ಪಕ್ಷವನ್ನು ಯುರೋಪಿನ ಒಂದು ಪುಟ್ಟ ಪಕ್ಷದ ಜೊತೆ ಹೋಲಿಸುವುದರಲ್ಲಿ ಅಳತೆಯ ದೋಷವೂ ಇದೆ. ಈ ಲೇಖನದಲ್ಲಿ ಆ ಪದವನ್ನು ತೀರ್ಪಾಗಿ ಬಳಸದೆ ಹಿಂದೂ ರಾಷ್ಟ್ರವಾದಿ ರಾಜಕಾರಣದ ತೀವ್ರ ಧಾರೆಗೆ ಮೀಸಲಿಡಲಾಗಿದೆ.

ಪ್ರದೀಪ್ ಛಿಬ್ಬರ್ ಮತ್ತು ರಾಹುಲ್ ವರ್ಮಾ 2018ರ ‘ಐಡಿಯಾಲಜಿ ಅಂಡ್ ಐಡೆಂಟಿಟಿ’ಯಲ್ಲಿ ಭಾರತದ ಮತದಾರರಲ್ಲಿಯೂ ಸೈದ್ಧಾಂತಿಕ ಒಡಕು ಇದೆ ಎಂದು ತೋರಿಸಿದರು. ಅವರ ಪ್ರಕಾರ ಒಡಕಿನ ಗೆರೆಗಳು ಎರಡು: ಸಮಾಜದ ಕಟ್ಟುಪಾಡುಗಳಲ್ಲಿ ಸರ್ಕಾರ ಕೈಹಾಕಬೇಕೇ, ಹಿಂದುಳಿದವರಿಗೂ ಅಲ್ಪಸಂಖ್ಯಾತರಿಗೂ ಸರ್ಕಾರ ಪ್ರತ್ಯೇಕ ಮನ್ನಣೆ ಕೊಡಬೇಕೇ. ಮನ್ನಣೆ ಎಂಬ ಈ ಎರಡನೆಯ ಗೆರೆ ಕಲಬುರಗಿಯ ಕತೆಯಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ.

ಇದಕ್ಕೂ ಮೊದಲು ಮೈಸೂರಿನ ಎಂ.ಎನ್. ಶ್ರೀನಿವಾಸ್ 1952ರಲ್ಲಿ ಕೊಡಗಿನ ಅಧ್ಯಯನದ ಮೂಲಕ ಸಂಸ್ಕೃತೀಕರಣ ಎಂಬ ಪರಿಕಲ್ಪನೆ ಕೊಟ್ಟಿದ್ದರು. ಕೆಳಗಿನ ಜಾತಿ ಮೇಲೇರುವಾಗ ಮೇಲಿನ ಜಾತಿಯ ಆಚಾರ, ದೇವರು, ಊಟದ ಕಟ್ಟಳೆಗಳನ್ನು ತನ್ನದಾಗಿಸಿಕೊಳ್ಳುತ್ತದೆ ಎಂಬುದು ಅದರ ತಿರುಳು. ಯುರೋಪಿನಲ್ಲಿ ಬದುಕು ಸುಧಾರಿಸಿದ ಪೀಳಿಗೆ ದೇವಾಲಯದಿಂದ ದೂರ ಸರಿಯಿತು. ಇಲ್ಲಿ ಅದು ಹೊಸ ದೇವಾಲಯ ಕಟ್ಟಿಸಿತು. ಇಂಗಲ್‌ಹಾರ್ಟರ ಸೂತ್ರ ಇಲ್ಲಿಗೆ ನೇರವಾಗಿ ಒಗ್ಗದಿರಲು ಇದೊಂದೇ ಸಾಕು.

ಕರ್ನಾಟಕದ ಹಾದಿ

1983ರ ವಿಧಾನಸಭಾ ಚುನಾವಣೆಯಲ್ಲಿ ಭಾಜಪ 18 ಸ್ಥಾನ ಗೆದ್ದು ರಾಮಕೃಷ್ಣ ಹೆಗಡೆ ಸರ್ಕಾರಕ್ಕೆ ಹೊರಗಿನಿಂದ ಬೆಂಬಲ ಕೊಟ್ಟಿತು. 1985ರಲ್ಲಿ 2, 1989ರಲ್ಲಿ 4 ಸ್ಥಾನಕ್ಕೆ ಕುಸಿಯಿತು. 1994ರಲ್ಲಿ ಒಮ್ಮೆಲೆ 40. ಅದೇ ಚುನಾವಣೆಯಲ್ಲಿ ಕಾಂಗ್ರೆಸ್ 178ರಿಂದ 34ಕ್ಕೆ ಇಳಿಯಿತು. ಮುಂದೆ 1999ರಲ್ಲಿ 44, 2004ರಲ್ಲಿ 79, 2008ರಲ್ಲಿ 110 ಸ್ಥಾನ ಪಡೆದು ದಕ್ಷಿಣ ಭಾರತದಲ್ಲೇ ಮೊದಲ ಬಾರಿಗೆ ಸ್ವಂತ ಸರ್ಕಾರ ರಚಿಸಿತು. 2013ರಲ್ಲಿ 40, 2018ರಲ್ಲಿ 104, 2023ರಲ್ಲಿ 66.

ಈ ಏರಿಳಿತದ ನಡುವೆ ಅಯೋಧ್ಯೆಯ ಚಳವಳಿ, 1994ರ ಹುಬ್ಬಳ್ಳಿ ಈದ್ಗಾ ಮೈದಾನದ ಗೋಲಿಬಾರ್, ಬಾಬಾಬುಡನ್‌ಗಿರಿಯ ವಿವಾದ ಎಲ್ಲವೂ ಇವೆ. ಆದರೆ ಉತ್ತರ ಕರ್ನಾಟಕದಲ್ಲಿ ತಿರುವು ತಂದ ಘಟನೆಯನ್ನು ಹುಡುಕಿದರೆ ಕೈಗೆ ಸಿಗುವುದು ಕಲಬುರಗಿ ಜಿಲ್ಲೆಯವರೇ ಆದ ಒಬ್ಬರ ಹೆಸರು. ಚಿಂಚೋಳಿಯ ವೀರೇಂದ್ರ ಪಾಟೀಲರು 1989ರಲ್ಲಿ ಆ 178 ಸ್ಥಾನಗಳ ಗೆಲುವನ್ನು ತಂದುಕೊಟ್ಟ ಮುಖ್ಯಮಂತ್ರಿ. 1990ರ ಅಕ್ಟೋಬರ್‌ನಲ್ಲಿ, ಅವರು ಅನಾರೋಗ್ಯದಲ್ಲಿದ್ದಾಗ, ಚನ್ನಪಟ್ಟಣ ಮತ್ತು ರಾಮನಗರದ ಕೋಮುಗಲಭೆಗಳ ಬೆನ್ನಲ್ಲೇ ರಾಜೀವ್ ಗಾಂಧಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಅವರ ಬದಲಾವಣೆಯನ್ನು ಪ್ರಕಟಿಸಿದರು. ಲಿಂಗಾಯತ ಸಮುದಾಯ ಇದನ್ನು ತನ್ನ ಮರ್ಯಾದೆಗೆ ಬಿದ್ದ ಪೆಟ್ಟು ಎಂದೇ ಬಗೆಯಿತು. ಮುಂದೆ ಆ ಮತಗಳು ಮೊದಲು ಜನತಾ ದಳದತ್ತ, ಬಳಿಕ ಬಿ.ಎಸ್. ಯಡಿಯೂರಪ್ಪನವರ ಹಿಂದೆ ಭಾಜಪದತ್ತ ಸರಿದವು. ಇದನ್ನು ಮೌಲ್ಯಪಲ್ಲಟ ಎನ್ನಲಾಗದು. ಇದ್ದ ಮೌಲ್ಯವೇ, ಅಂದರೆ ಸಮುದಾಯದ ಮಾನ, ಹೊಸ ಆಶ್ರಯ ಹುಡುಕಿಕೊಂಡಿತು.

2013ರಲ್ಲಿ ಇದರ ಪರೀಕ್ಷೆಯೂ ಆಯಿತು. ಯಡಿಯೂರಪ್ಪ ಪಕ್ಷ ಬಿಟ್ಟು ಕರ್ನಾಟಕ ಜನತಾ ಪಕ್ಷ ಕಟ್ಟಿದಾಗ ಮತದಾರರ ದೊಡ್ಡ ಪಾಲು ಸಿದ್ಧಾಂತವನ್ನು ಬಿಟ್ಟು ಅವರ ಹಿಂದೆ ನಡೆಯಿತು. ಆ ಪಕ್ಷ ಗೆದ್ದ ಬೆರಳೆಣಿಕೆಯ ಸ್ಥಾನಗಳಲ್ಲಿ ಆಳಂದವೂ ಒಂದು. ಗೆದ್ದವರು ಸಮಾಜವಾದಿ ಹಿನ್ನೆಲೆಯ ಬಿ.ಆರ್. ಪಾಟೀಲರು. ಹಿಂದುತ್ವದ ಅಲೆಯ ಸಿದ್ಧಾಂತಕ್ಕೆ ಇದಕ್ಕಿಂತ ಮುಜುಗರದ ಉದಾಹರಣೆ ಬೇಕಿಲ್ಲ.

ಶರಣಬಸಪ್ಪನ ಗುಡಿ, ಬಂದೇ ನವಾಜರ ದರ್ಗಾ, ಎಂ.ಎಸ್.ಕೆ. ಮಿಲ್

ಕಲಬುರಗಿಯ ಸಾರ್ವಜನಿಕ ಬದುಕಿನ ನಡುಮನೆ ಎಂದರೆ ಶರಣಬಸವೇಶ್ವರ ದೇವಸ್ಥಾನ. ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರು (1746–1822) ಬಂದವರಿಗೆಲ್ಲ ಅನ್ನ ನೀಡುವ ದಾಸೋಹವನ್ನೇ ಧರ್ಮ ಮಾಡಿಕೊಂಡವರು. ಹೋಳಿ ಹುಣ್ಣಿಮೆಯ ನಂತರ ನಡೆಯುವ ಅವರ ಜಾತ್ರೆಗೆ ಕರ್ನಾಟಕದಿಂದಷ್ಟೇ ಅಲ್ಲ, ತೆಲಂಗಾಣ ಮತ್ತು ಮಹಾರಾಷ್ಟ್ರದ ಗಡಿ ಜಿಲ್ಲೆಗಳಿಂದಲೂ ಭಕ್ತರು ಬರುತ್ತಾರೆ. ತೇರಿಗೆ ಉತ್ತತ್ತಿ, ಬಾಳೆಹಣ್ಣು ಎಸೆಯುವ ಕೈಗಳಲ್ಲಿ ಜಾತಿಯ ಲೆಕ್ಕ ಹಿಡಿಯುವುದು ಕಷ್ಟ. ಅದೇ ಊರಿನ ಇನ್ನೊಂದು ತುದಿಯಲ್ಲಿ 1422ರಲ್ಲಿ ತೀರಿಕೊಂಡ ಸೂಫಿ ಸಂತ ಖ್ವಾಜಾ ಬಂದೇ ನವಾಜರ ದರ್ಗಾ ಇದೆ. ಗುಡಿಗೂ ದರ್ಗಾಕ್ಕೂ ಒಂದೇ ಹರಕೆ ಹೊರುವ ಮನೆಗಳು ಈ ಊರಿನಲ್ಲಿ ಹೊಸತಲ್ಲ. ಊರಿನ ಹೊರವಲಯದ ಬುದ್ಧ ವಿಹಾರ ಮೂರನೆಯ ಧಾರೆಯನ್ನು ಸೇರಿಸಿದೆ.

ದೇವಸ್ಥಾನದ ಸಂಸ್ಥಾನವು ಮೌಲ್ಯ ಬದಲಾವಣೆಯ ಯಂತ್ರವೂ ಆಗಿತ್ತೆಂಬುದನ್ನು ಮರೆಯುವಂತಿಲ್ಲ. ನಿಜಾಮರ ಆಳ್ವಿಕೆ ಇನ್ನೂ ನಡೆದಿದ್ದ 1930ರ ದಶಕದಲ್ಲಿ ಪೀಠಾಧಿಪತಿ ದೊಡ್ಡಪ್ಪ ಅಪ್ಪನವರು ಹೆಣ್ಣುಮಕ್ಕಳ ಕನ್ನಡ ಶಾಲೆ ತೆರೆದರು. ಅದೇ ಪರಂಪರೆ ಶರಣಬಸವೇಶ್ವರ ವಿದ್ಯಾವರ್ಧಕ ಸಂಘವಾಗಿ ಬೆಳೆದು, ಎಂಟನೆಯ ಪೀಠಾಧಿಪತಿ ಶರಣಬಸವಪ್ಪ ಅಪ್ಪನವರ ಕಾಲದಲ್ಲಿ, 2017ರಲ್ಲಿ, ವಿಶ್ವವಿದ್ಯಾಲಯವಾಯಿತು. ಅಪ್ಪನವರು 2025ರ ಆಗಸ್ಟ್ 14ರಂದು ಲಿಂಗೈಕ್ಯರಾದಾಗ ಅಂತಿಮ ದರ್ಶನಕ್ಕೆ ಎಲ್ಲ ಪಕ್ಷದವರೂ ಬಂದರು. ಮಠದ ಅಂಗಳ ಒಂದೇ ಪಕ್ಷದ್ದಾಗದೆ ಉಳಿದದ್ದು ಕರ್ನಾಟಕದ ಇತರ ಹಲವು ಧಾರ್ಮಿಕ ಕೇಂದ್ರಗಳ ಜೊತೆ ಇಟ್ಟು ನೋಡಬೇಕಾದ ಸಂಗತಿ. ಉಡುಪಿಯಲ್ಲಿ 1969ರಲ್ಲಿ ವಿಶ್ವ ಹಿಂದೂ ಪರಿಷತ್ತಿನ ಸಮ್ಮೇಳನ ನಡೆದು, ಪೇಜಾವರ ಮಠದ ವಿಶ್ವೇಶತೀರ್ಥರು ಮುಂದೆ ರಾಮಜನ್ಮಭೂಮಿ ಚಳವಳಿಯ ಮುಂಚೂಣಿಯಲ್ಲಿ ನಿಂತರು. ಶರಣಬಸಪ್ಪನ ಗುಡಿಯಿಂದ ಅಂಥ ಮೆರವಣಿಗೆ ಹೊರಡಲಿಲ್ಲ.

ಹಾಗೆಂದು ದಾಸೋಹದ ಊರಿನಲ್ಲಿ ಧರ್ಮದ ರಾಜಕಾರಣ ಬೆಳೆಯಲಿಲ್ಲ ಎನ್ನುವುದು ತಪ್ಪು. ಅದಕ್ಕೆ ಬೇರೆ ಬೇರುಗಳಿದ್ದವು. ಮೊದಲನೆಯದು ರಜಾಕಾರರ ನೆನಪು. ನಿಜಾಮರ ಪರ ನಿಂತ ಖಾಸಿಂ ರಜ್ವಿಯ ರಜಾಕಾರರು 1947–48ರಲ್ಲಿ ಹಳ್ಳಿಗಳ ಮೇಲೆ ನಡೆಸಿದ ದಾಳಿಗಳು ಇಲ್ಲಿನ ಹಿರಿಯರ ಮಾತಿನಲ್ಲಿ ಇನ್ನೂ ಜೀವಂತ. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. ಆ ದಿನವನ್ನು ವಿಮೋಚನಾ ದಿನ ಎಂದು ಆಚರಿಸುವಾಗ ಅದನ್ನು ಊಳಿಗಮಾನ್ಯ ಆಳ್ವಿಕೆಯ ಕೊನೆ ಎನ್ನಬೇಕೇ, ಮುಸ್ಲಿಂ ಆಳ್ವಿಕೆಯ ಕೊನೆ ಎನ್ನಬೇಕೇ ಎಂಬ ಜಗಳ ಇಂದಿಗೂ ಮುಗಿದಿಲ್ಲ. ಆದರೆ ನೆನಪು ತಾನಾಗಿಯೇ ಮತವಾಗುವುದಿಲ್ಲ. ಬೀದರ್ ಜಿಲ್ಲೆಯ ವರವಟ್ಟಿಯಲ್ಲಿ ರಜಾಕಾರರ ಕಾಲದ ಬೆಂಕಿಗೆ ತಾಯಿಯನ್ನೂ ತಂಗಿಯನ್ನೂ ಕಳೆದುಕೊಂಡ ಹುಡುಗ ಮಲ್ಲಿಕಾರ್ಜುನ ಖರ್ಗೆ. ಅವರು ಹಿಡಿದ ದಾರಿ ಅಂಬೇಡ್ಕರ್ ಮತ್ತು ಕಾಂಗ್ರೆಸ್‌ನದು. 2024ರ ನವೆಂಬರ್‌ನಲ್ಲಿ ಯೋಗಿ ಆದಿತ್ಯನಾಥರು ಮಹಾರಾಷ್ಟ್ರದ ಪ್ರಚಾರ ಸಭೆಯಲ್ಲಿ ಈ ದುರಂತವನ್ನೇ ಖರ್ಗೆಯವರ ವಿರುದ್ಧದ ವಾದವಾಗಿ ಎತ್ತಿದರು.

ಎರಡನೆಯದು ಎಂ.ಎಸ್.ಕೆ. ಮಿಲ್. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಶುರುವಾದ ಈ ಬಟ್ಟೆ ಗಿರಣಿ ಊರಿಗೆ ಕಾರ್ಮಿಕ ರಾಜಕಾರಣವನ್ನು ಕೊಟ್ಟಿತು. ಎಸ್.ಕೆ. ಕಾಂತಾ ಅವರಂಥ ಕಾರ್ಮಿಕ ನಾಯಕರು ಇಲ್ಲಿಂದ ಶಾಸಕರಾಗಿ, ಸಚಿವರಾಗಿ ಬೆಳೆದರು. ಮಿಲ್ಲಿನ ಗೇಟಿನಲ್ಲಿ ಲಿಂಗಾಯತ, ದಲಿತ, ಮುಸ್ಲಿಂ ಕಾರ್ಮಿಕರು ಒಂದೇ ಬಾವುಟದಡಿ ನಿಲ್ಲುತ್ತಿದ್ದರು. ಮಿಲ್ ಮುಚ್ಚಿತು. ಈಗ ಅದು ಒಂದು ಬಡಾವಣೆಯ ಹೆಸರು. ಗೇಟಿನ ರಾಜಕಾರಣ ಹೋದ ಜಾಗಕ್ಕೆ ಓಣಿಯ ರಾಜಕಾರಣ ಬಂತು. ಕಿಟ್‌ಶೆಲ್ಟ್ ಹೇಳಿದ್ದು ಇದನ್ನೇ: ದುಡಿಮೆಯ ಸ್ವರೂಪ ಬದಲಾದಾಗ ಜನ ತಮ್ಮನ್ನು ಗುರುತಿಸಿಕೊಳ್ಳುವ ಬಗೆಯೂ ಬದಲಾಗುತ್ತದೆ.

ಮೂರನೆಯದು ಶಿಕ್ಷಣ. ಇದು ತಿರುಗೇಟಿನ ಸಿದ್ಧಾಂತಕ್ಕೆ ನೇರ ವಿರುದ್ಧ ದಿಕ್ಕಿನಲ್ಲಿದೆ. ಯುರೋಪಿನಲ್ಲಿ ಕಡಿಮೆ ಓದಿದವರು ಬಲಪಂಥಕ್ಕೆ ಹೆಚ್ಚು ವಾಲುತ್ತಾರೆ. ಭಾರತದಲ್ಲಿ ಲೋಕನೀತಿ ಸಂಸ್ಥೆಯ ಚುನಾವಣಾ ಸಮೀಕ್ಷೆಗಳು ತೋರಿಸಿದ್ದು ಬಹುಕಾಲ ಇದರ ತಿರುವುಮುರುವು: ಓದಿದ, ಮೇಲ್ಜಾತಿಯ, ನಗರದ ಮತದಾರರಲ್ಲಿ ಭಾಜಪಕ್ಕೆ ಹೆಚ್ಚು ಬೆಂಬಲ. 2011ರ ಜನಗಣತಿಯಲ್ಲಿ ಕಲಬುರಗಿ ಜಿಲ್ಲೆಯ ಸಾಕ್ಷರತೆ ಶೇ 64.85, ರಾಜ್ಯದ್ದು ಶೇ 75.36. ಹಿಂದುಳಿದ ಈ ಸೀಮೆಯಲ್ಲಿ ಶಾಲೆ ಕಟ್ಟುವವರಿಗೆ ಸಿಗುವ ಗೌರವ ದೊಡ್ಡದು. ರಾಷ್ಟ್ರೀಯ ಸ್ವಯಂಸೇವಕ ಸಂಘದ ಹಿನ್ನೆಲೆಯ ಬಸವರಾಜ ಪಾಟೀಲ ಸೇಡಂ ಅವರು ಕೊತ್ತಲ ಬಸವೇಶ್ವರ ಭಾರತೀಯ ಶಿಕ್ಷಣ ಸಮಿತಿಯ ಮೂಲಕ ಸೇಡಂನಲ್ಲಿ ಕಟ್ಟಿದ್ದು ಮೊದಲಿಗೆ ಶಾಲೆಗಳನ್ನು. ಅವರು 1998ರಲ್ಲಿ ಗುಲಬರ್ಗಾ (ಕಲಬುರಗಿ) ಲೋಕಸಭಾ ಕ್ಷೇತ್ರವನ್ನು ಭಾಜಪಕ್ಕೆ ಗೆದ್ದುಕೊಟ್ಟರು. 2025ರ ಆರಂಭದಲ್ಲಿ ಸೇಡಂನಲ್ಲಿ ನಡೆದ ಭಾರತೀಯ ಸಂಸ್ಕೃತಿ ಉತ್ಸವ ಅದೇ ಕೆಲಸದ ಮುಂದುವರಿಕೆ. ಸಂಸ್ಥೆಯ ಹೆಸರಿನಲ್ಲಿ ಬಸವೇಶ್ವರ, ಪಠ್ಯದ ಆಚೆಗಿನ ಬೋಧನೆಯಲ್ಲಿ ಭಾರತೀಯ ಸಂಸ್ಕೃತಿ: ಈ ಜೋಡಣೆ ಯಾವ ಚುನಾವಣಾ ಭಾಷಣಕ್ಕಿಂತ ಆಳಕ್ಕೆ ಇಳಿಯುವಂಥದು.

ಲಿಂಗಾಯತ ಎಂಬ ಕವಲು

ಲಿಂಗಾಯತ ಮತವನ್ನು ಹಿಂದೂ ಮತವೆಂದು ಎಣಿಸಬಹುದೇ? 2017ರ ಜುಲೈನಲ್ಲಿ ಬೀದರ್‌ನಲ್ಲಿ ನಡೆದ ದೊಡ್ಡ ಸಮಾವೇಶ ಪ್ರತ್ಯೇಕ ಧರ್ಮದ ಮಾನ್ಯತೆ ಕೇಳಿತು. ನ್ಯಾಯಮೂರ್ತಿ ಎಚ್.ಎನ್. ನಾಗಮೋಹನದಾಸ್ ಸಮಿತಿಯ ವರದಿ ಆಧರಿಸಿ 2018ರ ಮಾರ್ಚ್ 19ರಂದು ಸಿದ್ದರಾಮಯ್ಯ ಸರ್ಕಾರ ಕೇಂದ್ರಕ್ಕೆ ಶಿಫಾರಸು ಮಾಡಿತು. ಕೇಂದ್ರ ಒಪ್ಪಲಿಲ್ಲ. ವೈದಿಕ ಆಚರಣೆ ಬಿಟ್ಟು ವಚನದ ತತ್ವಕ್ಕೆ ಮರಳಬೇಕೆಂಬ ವಿರಕ್ತ ಮಠಗಳೂ ತಾವು ಹಿಂದೂ ಪರಂಪರೆಯೊಳಗಿನವರೆಂಬ ಪಂಚಾಚಾರ್ಯ ಪೀಠಗಳೂ ಎದುರುಬದುರಾದವು. ಎರಡು ತಿಂಗಳೊಳಗೆ ನಡೆದ ಚುನಾವಣೆಯಲ್ಲಿ ಕಲಬುರಗಿ ಜಿಲ್ಲೆಯ ಒಂಬತ್ತು ಕ್ಷೇತ್ರಗಳಲ್ಲಿ ಆಳಂದ, ಸೇಡಂ, ಕಲಬುರಗಿ ದಕ್ಷಿಣ, ಕಲಬುರಗಿ ಗ್ರಾಮೀಣ ಭಾಜಪದ ಪಾಲಾದವು, ಉಳಿದ ಐದು ಕಾಂಗ್ರೆಸ್‌ಗೆ. ಧಾರ್ಮಿಕ ಗುರುತಿನ ಮೇಲೆ ನಡೆದ ಇಷ್ಟು ದೊಡ್ಡ ಚರ್ಚೆಯಿಂದ ಕಾಂಗ್ರೆಸ್‌ಗೆ ಲಿಂಗಾಯತ ಮತಗಳು ಹರಿದುಬರಲಿಲ್ಲ. ಬಸವಣ್ಣನನ್ನು ಒಪ್ಪುವುದಕ್ಕೂ ಯಡಿಯೂರಪ್ಪನವರಿಗೆ ಮತ ಹಾಕುವುದಕ್ಕೂ ನಡುವೆ ಮತದಾರ ವಿರೋಧ ಕಾಣಲಿಲ್ಲ. ವಿರೋಧ ಕಂಡವರು ವಿದ್ವಾಂಸರು.

ಕಮಲಾಪುರದ ತಾಂಡಾಗಳು

ಕಲಬುರಗಿಯಿಂದ ಹುಮನಾಬಾದ್ ದಾರಿಯಲ್ಲಿ ಸಿಗುವ ಕಮಲಾಪುರ ಹೊರಗಿನವರಿಗೆ ಕೆಂಪು ಬಾಳೆಹಣ್ಣಿನ ಊರು. ಚುನಾವಣಾ ಅಧ್ಯಯನಕ್ಕೆ ಅದು ಲಂಬಾಣಿ ತಾಂಡಾಗಳ ಸೀಮೆ. ಮೀಸಲು ಕ್ಷೇತ್ರವಾಗಿದ್ದ ಕಮಲಾಪುರದಿಂದ ಭಾಜಪದ ರೇವು ನಾಯಕ ಬೆಳಮಗಿ ಶಾಸಕರಾದರು. ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಆ ಹೆಸರು ಅಳಿದು ಕಲಬುರಗಿ ಗ್ರಾಮೀಣ ಹುಟ್ಟಿದಾಗ 2008ರಲ್ಲಿ ಅಲ್ಲಿಯೂ ಗೆದ್ದು ಸಚಿವರಾದರು.

ಇಲ್ಲಿನ ಪರಿಶಿಷ್ಟ ಜಾತಿ ರಾಜಕಾರಣದಲ್ಲಿ ಖರ್ಗೆ ಮನೆತನದ ನಾಯಕತ್ವ ಬಲಗೈ ಸಮುದಾಯದ ಅಂಬೇಡ್ಕರ್‌ವಾದಿ ಧಾರೆಗೆ ಸೇರಿದ್ದು. ಅದೇ ಪಟ್ಟಿಯಲ್ಲಿರುವ ಲಂಬಾಣಿಗಳಿಗೆ ಆ ಧಾರೆಯಲ್ಲಿ ಮುಂದಿನ ಸಾಲು ಸಿಗಲಿಲ್ಲ. ಭಾಜಪ ಈ ಬಿರುಕನ್ನು ಬಹಳ ಬೇಗ ಗುರುತಿಸಿತು. ಗುಲಬರ್ಗಾ ಲೋಕಸಭಾ ಕ್ಷೇತ್ರ ಮೀಸಲಾದ ಮೇಲೆ 2009 ಮತ್ತು 2014ರಲ್ಲಿ ಬೆಳಮಗಿ, 2019 ಮತ್ತು 2024ರಲ್ಲಿ ಡಾ. ಉಮೇಶ ಜಾಧವ, ಹೀಗೆ ನಾಲ್ಕೂ ಬಾರಿ ಅದು ನಿಲ್ಲಿಸಿದ್ದು ಲಂಬಾಣಿ ಅಭ್ಯರ್ಥಿಯನ್ನೇ.

ತಾಂಡಾಗಳಲ್ಲಿ ನಡೆದ ಮೌಲ್ಯಪಲ್ಲಟ ಶ್ರೀನಿವಾಸರ ಸಂಸ್ಕೃತೀಕರಣಕ್ಕೆ ಹತ್ತಿರ, ಆದರೆ ಪೂರ್ತಿ ಅದೇ ಅಲ್ಲ. ದುಡಿಯಲು ಮುಂಬೈ, ಪುಣೆ, ಹೈದರಾಬಾದ್‌ಗೆ ಹೋಗಿ ಬಂದ ಕುಟುಂಬಗಳು ತಾಂಡಾದಲ್ಲಿ ತಮ್ಮ ಸಂತ ಸೇವಾಲಾಲರ ಗುಡಿ ಕಟ್ಟಿಸಿದವು. ಮಹಾರಾಷ್ಟ್ರದ ಪೊಹರಾದೇವಿ, ದಾವಣಗೆರೆ ಜಿಲ್ಲೆಯ ಸೂರಗೊಂಡನಕೊಪ್ಪದ ಯಾತ್ರೆಗಳು ಬೆಳೆದವು. ಬೇರೆಯವರ ದೇವರನ್ನು ಎರವಲು ಪಡೆಯುವುದಕ್ಕಿಂತ ತಮ್ಮ ದೇವರಿಗೆ ಎಲ್ಲರ ಮುಂದೆ ಜಾಗ ಕೇಳುವ ರಾಜಕಾರಣ ಇದು. ಹಿಂದುತ್ವ ಆ ಜಾಗವನ್ನು ಕೊಡಲು ಸಿದ್ಧವಿತ್ತು. 2023ರ ಜನವರಿ 19ರಂದು ಮಳಖೇಡದಲ್ಲಿ ಪ್ರಧಾನಿ ನರೇಂದ್ರ ಮೋದಿ ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ ಸುಮಾರು 50 ಸಾವಿರ ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಗೆ ಚಾಲನೆ ಕೊಟ್ಟರು. ತಾಂಡಾಗಳು ಕಂದಾಯ ಗ್ರಾಮಗಳಾದವು. ಸ್ವಂತ ಹೆಸರಿನಲ್ಲಿ ಜಾಗದ ಕಾಗದ ಸಿಗುವುದು ಮೌಲ್ಯವೋ ಸವಲತ್ತೋ ಎಂದು ಸಮಾಜಶಾಸ್ತ್ರಜ್ಞರು ವಾದಿಸಲಿ, ತಾಂಡಾದವರಿಗೆ ಅದು ಎರಡೂ.

ಆದರೆ ಎರಡು ತಿಂಗಳ ಬಳಿಕ, ಮಾರ್ಚ್ 24ರಂದು, ರಾಜ್ಯದ ಭಾಜಪ ಸರ್ಕಾರ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ಪ್ರಕಟಿಸಿತು: ಎಡಗೈ ಗುಂಪಿಗೆ ಶೇ 6, ಬಲಗೈಗೆ 5.5, ಲಂಬಾಣಿ, ಭೋವಿ ಮುಂತಾದವರಿಗೆ 4.5, ಉಳಿದವರಿಗೆ 1. ಅದೇ ದಿನ ಮುಸ್ಲಿಮರ ಶೇ 4ರ ಮೀಸಲನ್ನು ರದ್ದುಪಡಿಸಿ ಲಿಂಗಾಯತ ಮತ್ತು ಒಕ್ಕಲಿಗರಿಗೆ ಹಂಚಿತು. ಲಂಬಾಣಿಗಳು ಶಿಕಾರಿಪುರದಲ್ಲಿ ಯಡಿಯೂರಪ್ಪನವರ ಮನೆಯ ಮುಂದೆ ಪ್ರತಿಭಟಿಸಿದರು, ಕಲ್ಲುಗಳೂ ಬಿದ್ದವು. 2025ರ ಆಗಸ್ಟ್‌ನಲ್ಲಿ ಕಾಂಗ್ರೆಸ್ ಸರ್ಕಾರ 6–6–5ರ ಸೂತ್ರ ತಂದಾಗಲೂ ಬೀದಿಗಿಳಿದವರು ಇವರೇ. ಹಿಂದೂ ಒಗ್ಗಟ್ಟಿನ ಕರೆಗೆ ಓಗೊಟ್ಟ ಮತದಾರ ಮೀಸಲಾತಿಯ ಪಾಲಿನ ಲೆಕ್ಕದಲ್ಲಿ ಮತ್ತೆ ತನ್ನ ಜಾತಿಯ ಸಾಲಿಗೆ ಮರಳಿದ.

ಹೆಣ್ಣುಮಕ್ಕಳ ಮತ

ಉಡುಪಿಯ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ 2021ರ ಕೊನೆಗೆ ಶುರುವಾದ ಹಿಜಾಬ್ ವಿವಾದ 2022ರ ಫೆಬ್ರುವರಿಯ ಸರ್ಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರ ಸುಪ್ರೀಂ ಕೋರ್ಟಿನ ಭಿನ್ನ ತೀರ್ಪಿನವರೆಗೆ ನಡೆಯಿತು. ಕಲಬುರಗಿಯಲ್ಲಿ ಪ್ರತಿಭಟನೆಯ ಮುಂದೆ ನಿಂತವರು ಕಲಬುರಗಿ ಉತ್ತರದ ಶಾಸಕಿ ಕನೀಜ್ ಫಾತಿಮಾ. ಒಂದು ವರ್ಷದ ನಂತರದ ಚುನಾವಣೆಯಲ್ಲಿ ಅವರನ್ನು ಸೋಲಿಸಲು ಭಾಜಪ ಸಾಕಷ್ಟು ಶ್ರಮಿಸಿತು. ಅವರು ಗೆದ್ದರು, ಆದರೆ ಅಂತರ ಮೂರು ಸಾವಿರ ಮತಕ್ಕಿಂತ ಕಡಿಮೆ. ಎರಡೂ ಕಡೆಯ ಮತಗಳು ಗಟ್ಟಿಯಾಗಿ ಕಟ್ಟಿನಿಂತ ಕ್ಷೇತ್ರದ ಚಿತ್ರ ಅದು. ಮೌಲ್ಯದ ಜಗಳ ನೇರವಾಗಿ ಮತವಾದದ್ದನ್ನು ಈ ಜಿಲ್ಲೆಯಲ್ಲಿ ಎಲ್ಲಾದರೂ ತೋರಿಸಬಹುದಾದರೆ ಇಲ್ಲಿಯೇ.

ಪಕ್ಕದ ಕಲಬುರಗಿ ದಕ್ಷಿಣದಲ್ಲಿ ಹಾಗಾಗಲಿಲ್ಲ. ಅಲ್ಲಿ ಭಾಜಪದ ದತ್ತಾತ್ರೇಯ ಪಾಟೀಲ ರೇವೂರ ಅವರನ್ನು ಕಾಂಗ್ರೆಸ್‌ನ ಅಲ್ಲಮಪ್ರಭು ಪಾಟೀಲ ಸೋಲಿಸಿದರು. ಜಿಲ್ಲೆಯಲ್ಲಿ ಭಾಜಪಕ್ಕೆ ದಕ್ಕಿದ್ದು ಕಲಬುರಗಿ ಗ್ರಾಮೀಣ ಮತ್ತು ಚಿಂಚೋಳಿ ಎರಡೇ, ಎರಡೂ ತಾಂಡಾಗಳು ದಟ್ಟವಾಗಿರುವ ಮೀಸಲು ಕ್ಷೇತ್ರಗಳು. ಆ ಚುನಾವಣೆಯ ಹೊತ್ತಿಗೆ ತೊಗರಿಗೆ ನೆಟೆ ರೋಗ ಬಿದ್ದಿತ್ತು, ಸಿಲಿಂಡರ್ ದುಬಾರಿಯಾಗಿತ್ತು, ಕಾಂಗ್ರೆಸ್ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಮತ್ತು ಬಸ್ಸಿನಲ್ಲಿ ಉಚಿತ ಪ್ರಯಾಣದ ಮಾತು ಕೊಟ್ಟಿತ್ತು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಹೆಂಗಸರು ಗುಂಪುಗುಂಪಾಗಿ ಹೊರಟದ್ದು ಹೆಚ್ಚಾಗಿ ದೇವಸ್ಥಾನಗಳಿಗೆ. ಗಂಡನ ಅನುಮತಿ, ಮಗನ ದುಡ್ಡು ಕೇಳದೆ ಗುಡಿಗೆ ಹೋಗುವ ಹೆಣ್ಣನ್ನು ಇಂಗಲ್‌ಹಾರ್ಟರ ಯಾವ ಖಾನೆಗೆ ಹಾಕಬೇಕು? ಅವಳ ಭಕ್ತಿ ಸಾಂಪ್ರದಾಯಿಕ, ಅವಳ ಓಡಾಟ ಹೊಸದು, ಅವಳ ಮತ ಬಲಪಂಥಕ್ಕೆ ಬೀಳಲೇಬೇಕೆಂದಿಲ್ಲ.

2019 ಮತ್ತು 2024

ಒಂಬತ್ತು ಬಾರಿ ಸತತವಾಗಿ ವಿಧಾನಸಭೆಗೆ, ಎರಡು ಬಾರಿ ಲೋಕಸಭೆಗೆ ಗೆದ್ದು ‘ಸೋಲಿಲ್ಲದ ಸರದಾರ’ ಎನಿಸಿಕೊಂಡಿದ್ದ ಖರ್ಗೆಯವರನ್ನು 2019ರಲ್ಲಿ ಉಮೇಶ ಜಾಧವ 95,452 ಮತಗಳಿಂದ ಸೋಲಿಸಿದರು. ಪುಲ್ವಾಮಾ, ಬಾಲಾಕೋಟ್ ಬಳಿಕದ ರಾಷ್ಟ್ರವಾದದ ಅಲೆ ಅದರ ಒಂದು ಕಾರಣ. ಊರಿನಲ್ಲಿ ಜನ ಹೇಳುತ್ತಿದ್ದ ಕಾರಣ ಇನ್ನೊಂದು: ಕೋಲಿ–ಕಬ್ಬಲಿಗರ ಬಾಬುರಾವ್ ಚಿಂಚನಸೂರ, ಈಡಿಗರ ಮಾಲೀಕಯ್ಯ ಗುತ್ತೇದಾರ, ಲಂಬಾಣಿಗಳ ಜಾಧವ ಎಲ್ಲರೂ ಖರ್ಗೆಯವರ ಮೇಲಿನ ಮುನಿಸಿನಿಂದ ಕಾಂಗ್ರೆಸ್ ಬಿಟ್ಟವರು. ಆಗ ಹೈದರಾಬಾದ್ ಕರ್ನಾಟಕ ಎನಿಸಿಕೊಂಡಿದ್ದ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನ ತಂದುಕೊಟ್ಟ ನಾಯಕನನ್ನು ಅದೇ ಸೀಮೆಯ ಸಣ್ಣ ಸಮುದಾಯಗಳು ತಮ್ಮನ್ನು ಕಡೆಗಣಿಸಿದವನೆಂದು ಕಂಡವು.

ಚಿಂಚನಸೂರ 2023ರಲ್ಲಿ, ಗುತ್ತೇದಾರ 2024ರ ಏಪ್ರಿಲ್‌ನಲ್ಲಿ ಕಾಂಗ್ರೆಸ್‌ಗೆ ಮರಳಿದರು. ಅದೇ ತಿಂಗಳು ಅಫಜಲಪುರದ ಸಭೆಯಲ್ಲಿ ಖರ್ಗೆ, ಮತ ಹಾಕದಿದ್ದರೂ ತಾನು ಸತ್ತಾಗ ಮಣ್ಣಿಗಾದರೂ ಬನ್ನಿ ಎಂಬರ್ಥದ ಮಾತಾಡಿದರು. ಅವರ ಅಳಿಯ ರಾಧಾಕೃಷ್ಣ ದೊಡ್ಡಮನಿ 27,205 ಮತಗಳಿಂದ ಗೆದ್ದರು. ಆ ವರ್ಷದ ಜನವರಿಯಲ್ಲಿ ಅಯೋಧ್ಯೆಯ ರಾಮಮಂದಿರದ ಪ್ರಾಣಪ್ರತಿಷ್ಠೆ ನಡೆದಿತ್ತು. ತಾಂಡಾಗಳಿಂದ ಹಿಡಿದು ಬಡಾವಣೆಗಳವರೆಗೆ ದೀಪ ಹಚ್ಚಲಾಗಿತ್ತು. ದೀಪ ಹಚ್ಚಿದವರಲ್ಲಿ ಅನೇಕರು ಕೈ ಗುರುತಿಗೆ ಒತ್ತಿರದೆ ಈ ಫಲಿತಾಂಶ ಬರುವುದು ಕಷ್ಟ. ಹಾಗೆಯೇ 2019ರ ಅಂತರ 27 ಸಾವಿರಕ್ಕೆ ತಿರುಗಿ ನಿಂತದ್ದರಿಂದ ಭಾಜಪದ ಮತಗಳು ಕರಗಿಹೋದವು ಎಂದೂ ಅಲ್ಲ. ಮೌಲ್ಯಗಳು ಕಟ್ಟಿಕೊಟ್ಟ ಗಟ್ಟಿ ಮತದ ತಳ ಈಗ ಈ ಜಿಲ್ಲೆಯಲ್ಲಿಯೂ ಇದೆ. ಅದರ ಮೇಲಿನ ಗೆಲುವನ್ನು ನಿರ್ಧರಿಸುವುದು ಮುನಿಸು, ಮನ್ನಣೆ ಮತ್ತು ಪಾಲು.

ತೀವ್ರತೆಯ ಗಡಿ

ತೀವ್ರ ಧಾರೆ ಸ್ವಂತ ಕಾಲಿನ ಮೇಲೆ ನಿಂತಾಗ ಮತದಾರ ಏನು ಮಾಡುತ್ತಾನೆ? 2009ರ ಮಂಗಳೂರು ಪಬ್ ದಾಳಿಯಿಂದ ದೇಶಕ್ಕೆಲ್ಲ ಪರಿಚಿತರಾದ ಶ್ರೀರಾಮ ಸೇನೆಯ ಪ್ರಮೋದ ಮುತಾಲಿಕರನ್ನು 2014ರ ಮಾರ್ಚ್‌ನಲ್ಲಿ ಭಾಜಪ ಸೇರಿಸಿಕೊಂಡು ಕೆಲವೇ ಗಂಟೆಗಳಲ್ಲಿ ಹೊರಹಾಕಿತು. 2023ರಲ್ಲಿ ಅವರು ಕಾರ್ಕಳದಲ್ಲಿ ಸ್ವತಂತ್ರರಾಗಿ ನಿಂತಾಗ, ಹಿಂದುತ್ವದ ಭದ್ರ ನೆಲೆಯಲ್ಲಿಯೇ, ಐದು ಸಾವಿರ ಮತ ದಾಟಲಿಲ್ಲ. ತೀವ್ರ ಮಾತಿಗೆ ಚಪ್ಪಾಳೆ ತಟ್ಟುವವರೂ ಮತವನ್ನು ಅಧಿಕಾರ ಹಿಡಿಯಬಲ್ಲ ಪಕ್ಷಕ್ಕೇ ಹಾಕಿದರು. ಯುರೋಪಿನಲ್ಲಿ ತುದಿಯ ಪಕ್ಷಗಳು ಬೇರೆಯಾಗಿ ಬೆಳೆದವು. ಇಲ್ಲಿ ತುದಿಯು ದೊಡ್ಡ ಪಕ್ಷದ ಒಳಗೂ ಸುತ್ತಲೂ ಇರುತ್ತದೆ, ಬೇಕಾದಾಗ ಮುಂದೆ ಬರುತ್ತದೆ.

ಕಲಬುರಗಿ ಜಿಲ್ಲೆಗೆ ಮರಳಿದರೆ, ಆಳಂದದ ಲಾಡ್ಲೆ ಮಶಾಕ್ ದರ್ಗಾ ಆವರಣದಲ್ಲಿ ರಾಘವ ಚೈತನ್ಯರ ಶಿವಲಿಂಗವೂ ಇದೆ. ಎರಡೂ ಕಡೆಯವರು ಬಹುಕಾಲ ಹಂಚಿಕೊಂಡಿದ್ದ ಈ ಜಾಗದಲ್ಲಿ 2022ರ ಶಿವರಾತ್ರಿಯಂದು ಘರ್ಷಣೆ ನಡೆಯಿತು. ಆಮೇಲಿನ ವರ್ಷಗಳಲ್ಲಿ ಹೈಕೋರ್ಟಿನ ಕಲಬುರಗಿ ಪೀಠ ನಿಗದಿತ ಸಮಯದಲ್ಲಿ ಹದಿನೈದು ಜನಕ್ಕೆ ಪೂಜೆಯ ಅನುಮತಿ ಕೊಡುತ್ತ ಬಂದಿದೆ. ರೂಢಿ ನಡೆಸುತ್ತಿದ್ದ ವ್ಯವಹಾರವನ್ನು ನ್ಯಾಯಾಲಯ ನಡೆಸಬೇಕಾಗಿ ಬಂದದ್ದೇ ದೊಡ್ಡ ಬದಲಾವಣೆ, ಮತ ಯಾರಿಗೆ ಬಿದ್ದಿತೆಂಬುದು ಆಮೇಲಿನ ಮಾತು. ಆಳಂದ 2023ರಲ್ಲಿ ಕಾಂಗ್ರೆಸ್‌ನ ಬಿ.ಆರ್. ಪಾಟೀಲರನ್ನೇ ಆರಿಸಿತು.

2025ರ ಅಕ್ಟೋಬರ್‌ನಲ್ಲಿ ಸಚಿವ ಪ್ರಿಯಾಂಕ್ ಖರ್ಗೆ ಸರ್ಕಾರಿ ಜಾಗಗಳಲ್ಲಿ ರಾಷ್ಟ್ರೀಯ ಸ್ವಯಂಸೇವಕ ಸಂಘದ ಚಟುವಟಿಕೆಗಳನ್ನು ನಿರ್ಬಂಧಿಸಬೇಕೆಂದು ಮುಖ್ಯಮಂತ್ರಿಗೆ ಪತ್ರ ಬರೆದರು. ಅದರ ಬೆನ್ನಲ್ಲೇ ಅವರ ಕ್ಷೇತ್ರ ಚಿತ್ತಾಪುರದಲ್ಲಿ ಸಂಘದ ಶತಮಾನೋತ್ಸವದ ಪಥಸಂಚಲನಕ್ಕೆ ತಾಲ್ಲೂಕು ಆಡಳಿತ ಅನುಮತಿ ನಿರಾಕರಿಸಿತು. ವಿಷಯ ಕಲಬುರಗಿ ಪೀಠಕ್ಕೆ ಹೋಯಿತು. ಭೀಮ್ ಆರ್ಮಿ ಮೊದಲಾದ ದಲಿತ ಸಂಘಟನೆಗಳೂ ಅದೇ ದಿನ ಅದೇ ಊರಿನಲ್ಲಿ ಮೆರವಣಿಗೆಗೆ ಅರ್ಜಿ ಹಾಕಿದವು. ಕೊನೆಗೆ ಪಾಲ್ಗೊಳ್ಳುವವರ ಸಂಖ್ಯೆಗೆ ಮಿತಿ ಹಾಕಿ ಕೊಟ್ಟ ಅನುಮತಿಯ ಮೇಲೆ ನವೆಂಬರ್ 16ರಂದು, ಬಿಗಿ ಪೊಲೀಸ್ ಕಾವಲಿನಲ್ಲಿ, ಪಥಸಂಚಲನ ನಡೆಯಿತು.